ಆಫೀಸಿಂದ ರೆಫ್ಯೂಸ್ಡ್, ಮೊಬೈಲಿಂದ ಟೈಮ್‌ಔಟ್: ಬಾಗಿಲು ಹಾಕಿದ್ದು ಯುಎಫ್‌ಡಬ್ಲ್ಯುನಾ, ಫೇಲ್‌ಟುಬ್ಯಾನಾ?

ಕೀಲಿಮಣೆ
ಉಬುಂಟು 22.04 ಇರೋ ಒಂದು ವಿಪಿಎಸ್ (ಬಾಡಿಗೆಗೆ ತಗೊಂಡ ವರ್ಚುವಲ್ ಸರ್ವರ್). ಯುಎಫ್‌ಡಬ್ಲ್ಯು (ಫೈರ್‌ವಾಲ್) ಆನ್ ಇದೆ, ಫೇಲ್‌ಟುಬ್ಯಾನ್ (ಲಾಗ್ ನೋಡಿ, ಪದೇ ಪದೇ ತಪ್ಪು ಲಾಗಿನ್ ಮಾಡೋ ಐಪಿ ವಿಳಾಸವನ್ನ ಬ್ಯಾನ್ ಮಾಡೋ ಪ್ರೋಗ್ರಾಂ) ಓಡ್ತಿದೆ. ಅಡ್ಮಿನ್ ಲಾಗಿನ್ ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಹೋಗೋ ದಾರಿ) ಮೂಲಕ, ಪಾಸ್‌ವರ್ಡ್ ಇಲ್ಲದೆ ಕೀ ಫೈಲಿಂದ ಮಾತ್ರ. ಫೈಲ್ ಹಾಕೋಕೆ ಅಂತ ಪಾಸ್‌ವರ್ಡ್ ಇರೋ ಒಂದು ಎಸ್‌ಎಫ್‌ಟಿಪಿ ಅಕೌಂಟ್ (ಅದೂ ಎಸ್‌ಎಸ್‌ಎಚ್ ಮೇಲೇ ಓಡೋದು) ಬೇರೆ ಇದೆ.

ನಿನ್ನೆ ಸಂಜೆ ಎಸ್‌ಎಸ್‌ಎಚ್ ಹತ್ತು ನಿಮಿಷ ಹೋಗೋದು, ಸ್ವಲ್ಪ ಹೊತ್ತು ಬರೋದು, ಮತ್ತೆ ಹೋಗೋದು. ಅಷ್ಟೊತ್ತೂ ವೆಬ್‌ಸೈಟ್ ಚೆನ್ನಾಗೇ ತೆರ್ಕೊಳ್ತಿತ್ತು. ಒಂದು ಗಂಟೆ ಹೀಗೇ ಆಗಿ ಆಮೇಲೆ ಪೂರ್ತಿ ಹೋಯ್ತು. ಈಗ ಆಫೀಸ್ ನೆಟ್‌ವರ್ಕಿಂದ ಎಂಟರ್ ಒತ್ತಿದ ಕ್ಷಣವೇ "ಕನೆಕ್ಷನ್ ರೆಫ್ಯೂಸ್ಡ್", ವೆಬ್‌ಸೈಟೂ ಇಲ್ಲ. ಮೊಬೈಲ್ ಹಾಟ್‌ಸ್ಪಾಟಿಂದ ಸೈಟ್ ಬರುತ್ತೆ, ಆದ್ರೆ ಎಸ್‌ಎಸ್‌ಎಚ್ ಎರಡು ನಿಮಿಷ ಸುಮ್ನೆ ನಿಂತು "ಕನೆಕ್ಷನ್ ಟೈಮ್ಡ್ ಔಟ್" ಅನ್ನುತ್ತೆ.

ಪ್ಯಾನೆಲ್‌ನಲ್ಲಿ ವಿಎನ್‌ಸಿ ಕನ್ಸೋಲ್ (ಸರ್ವರಿನ ಸ್ಕ್ರೀನ್, ಕೀಬೋರ್ಡ್ ಸಿಗೋ ಕಿಟಕಿ) ಇದೆ, ಆದ್ರೆ ಯಾವ ಅಕೌಂಟಿಗೂ ಕನ್ಸೋಲ್‌ನಲ್ಲಿ ಒಳಗೆ ಹೋಗೋ ಪಾಸ್‌ವರ್ಡ್ ಇಟ್ಟಿಲ್ಲ. ರೀಬೂಟ್ ಮಾಡಿದ್ರೆ ಸರಿಹೋಗುತ್ತಾ?

ಸಿಂಪಲ್‌ಶೆಲ್
ಮಾಡಿ ಸರ್. ಫೈರ್‌ವಾಲ್ ರೂಲ್ಸ್ ಎಲ್ಲಾ ಮೆಮೊರಿಲಿ ಇರೋದು, ರೀಬೂಟ್ ಆದ್ರೆ ಹೋಗುತ್ತೆ.

ಲಾಗ್‌ನೋಡಿ
ಹೋಗಲ್ಲ. ಕೈಯಲ್ಲಿ ಟೈಪ್ ಮಾಡಿ ಸೇವ್ ಮಾಡದ ಐಪಿಟೇಬಲ್ಸ್ (ಯುಎಫ್‌ಡಬ್ಲ್ಯು, ಫೇಲ್‌ಟುಬ್ಯಾನ್ ಎರಡೂ ಬಳಸೋ ಲಿನಕ್ಸ್ ಫೈರ್‌ವಾಲ್) ರೂಲ್ ಆದ್ರೆ ಮಾತ್ರ ಹೋಗುತ್ತೆ. ಯುಎಫ್‌ಡಬ್ಲ್ಯು ಬೂಟ್‌ನಲ್ಲೇ ತನ್ನ ರೂಲ್ಸ್ ಮತ್ತೆ ಹಾಕುತ್ತೆ. ಫೇಲ್‌ಟುಬ್ಯಾನ್ ಎಲ್ಲಾ ಬ್ಯಾನ್‌ಗಳನ್ನೂ ವಾರ್/ಲಿಬ್/ಫೇಲ್‌ಟುಬ್ಯಾನ್ ಫೋಲ್ಡರಿನ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಲ್ಲಿ ಬರೆದಿಟ್ಕೊಂಡಿರುತ್ತೆ. ಸರ್ವಿಸ್ ಎದ್ದ ಕೂಡಲೇ ಅವಧಿ ಮುಗಿಯದ ಬ್ಯಾನ್‌ಗಳನ್ನ ಅಲ್ಲಿಂದ ತೆಗೆದು ಮತ್ತೆ ಜಾರಿ ಮಾಡುತ್ತೆ. ರೀಬೂಟಿಂದ ಸೈಟ್ ಒಂದು ನಿಮಿಷ ಬೀಳೋದು ಬಿಟ್ರೆ ಬೇರೇನೂ ಆಗಲ್ಲ.

ಪ್ಯಾಕೆಟ್‌ಪಹರೆ
ಕೀಲಿಮಣೆಯವರೇ, ನೀವು ಬರೆದ ಲಕ್ಷಣಗಳಲ್ಲೇ ಉತ್ತರ ಇದೆ. ಒಂದೊಂದಾಗಿ ನೋಡಿ.

ಯುಎಫ್‌ಡಬ್ಲ್ಯು ಡೀಫಾಲ್ಟ್ ಡಿನೈ ಅಂದ್ರೆ ಡ್ರಾಪ್. ಪ್ಯಾಕೆಟ್ ನುಂಗಿಬಿಡುತ್ತೆ, ಉತ್ತರ ಕೊಡಲ್ಲ. ಅದಕ್ಕೇ ಕ್ಲೈಂಟ್ ಸಿನ್ ಪ್ಯಾಕೆಟ್ (ಕನೆಕ್ಷನ್ ಕೇಳೋ ಮೊದಲ ಪ್ಯಾಕೆಟ್) ಮತ್ತೆ ಮತ್ತೆ ಕಳಿಸಿ ಎರಡು ನಿಮಿಷ ಕಾದು ಟೈಮ್‌ಔಟ್ ಆಗುತ್ತೆ. ಫೇಲ್‌ಟುಬ್ಯಾನ್‌ನ ಐಪಿಟೇಬಲ್ಸ್ ಆಕ್ಷನ್ ಡೀಫಾಲ್ಟಾಗಿ ರಿಜೆಕ್ಟ್ ಮಾಡುತ್ತೆ. "ಪೋರ್ಟ್ ಅನ್‌ರೀಚಬಲ್" ಅಂತ ಐಸಿಎಂಪಿ ಸಂದೇಶ ವಾಪಸ್ ಕಳಿಸುತ್ತೆ, ನಿಮ್ಮ ಕ್ಲೈಂಟ್ ಅದನ್ನ ತಕ್ಷಣ "ರೆಫ್ಯೂಸ್ಡ್" ಅಂತ ತೋರಿಸುತ್ತೆ. ಅಂದ್ರೆ ಆಫೀಸನ್ನ ತಡೀತಿರೋದು ಒಬ್ಬರು, ಮೊಬೈಲನ್ನ ತಡೀತಿರೋದು ಇನ್ನೊಬ್ಬರು.

ಇನ್ನು ಮೊದಲು ಎಸ್‌ಎಸ್‌ಎಚ್ ಮಾತ್ರ ಹೋಗಿ ಆಮೇಲೆ ವೆಬ್‌ಸೈಟೂ ಹೋಗಿದ್ದು. ಫೇಲ್‌ಟುಬ್ಯಾನ್‌ನ ಒಂದೊಂದು ಬ್ಯಾನ್ ನಿಯಮಕ್ಕೆ ಜೈಲ್ ಅಂತಾರೆ. ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಂ) ಜೈಲ್ ಎಸ್‌ಎಸ್‌ಎಚ್ ಪೋರ್ಟ್ 22 ಮಾತ್ರ ಮುಚ್ಚುತ್ತೆ, ಬ್ಯಾನ್‌ಟೈಮ್ ಡೀಫಾಲ್ಟ್ 10 ನಿಮಿಷ. ಎಲ್ಲಾ ಪೋರ್ಟೂ ಮುಚ್ಚೋದು ರೆಸಿಡಿವ್ ಜೈಲ್. ಅದು ಫೇಲ್‌ಟುಬ್ಯಾನ್‌ನ ಸ್ವಂತ ಲಾಗನ್ನೇ ಓದುತ್ತೆ, ಒಂದು ದಿನದೊಳಗೆ 5 ಸಲ ಬ್ಯಾನ್ ಆದ ವಿಳಾಸಕ್ಕೆ ಒಂದು ವಾರ ಬ್ಯಾನ್. ಅದು ತಾನಾಗೇ ಆನ್ ಇರಲ್ಲ. ಎಲ್ಲಿಂದಾದ್ರೂ ಜೈಲ್.ಲೋಕಲ್ (ಫೇಲ್‌ಟುಬ್ಯಾನ್‌ನ ಸೆಟಿಂಗ್) ಫೈಲ್ ಕಾಪಿ ಮಾಡಿದ್ರಾ?

ಡೀಮನ್‌ಕಟ್ಟೆ
ಪಹರೆಯವರೇ, "ರೆಫ್ಯೂಸ್ಡ್ ಅಂದ್ರೆ ಫೇಲ್‌ಟುಬ್ಯಾನ್" ಅಂತ ಅಷ್ಟು ಗಟ್ಟಿಯಾಗಿ ಹೇಳೋಕಾಗಲ್ಲ. ಎಸ್‌ಎಸ್‌ಎಚ್‌ಡಿ ಸತ್ತು ಬಿದ್ದಿದ್ರೂ ರೆಫ್ಯೂಸ್ಡ್ ಬರುತ್ತೆ. ಯುಎಫ್‌ಡಬ್ಲ್ಯುನ ಲಿಮಿಟ್ ರೂಲ್ (ಬೇಗ ಬೇಗ ಬರೋ ಕನೆಕ್ಷನ್ ತಡೆಯೋದು) ತಗುಲಿದ್ರೂ ಅದೇ, ಯಾಕಂದ್ರೆ ಲಿಮಿಟ್ ಚೈನ್ (ರೂಲ್‌ಗಳ ಪಟ್ಟಿ) ಡ್ರಾಪ್ ಮಾಡಲ್ಲ, ರಿಜೆಕ್ಟ್ ಮಾಡುತ್ತೆ.

ಪ್ಯಾಕೆಟ್‌ಪಹರೆ
ಸರಿ, ಒಪ್ಪಿದೆ. ಊಹೆ ಬೇಡ, ಅಳೆಯೋಣ. ಕೀಲಿಮಣೆ, ಆಫೀಸ್ ಲ್ಯಾಪ್‌ಟಾಪಲ್ಲಿ ಒಂದು ಟರ್ಮಿನಲ್‌ನಲ್ಲಿ ಟಿಸಿಪಿಡಂಪ್ (ಹೋಗಿ ಬರೋ ಪ್ಯಾಕೆಟ್ ತೋರಿಸೋ ಕಮಾಂಡ್) ಹಾಕಿ, ಸರ್ವರ್ ವಿಳಾಸಕ್ಕೆ ಮಾತ್ರ ಫಿಲ್ಟರ್ ಕೊಡಿ, ಪೋರ್ಟ್ ಫಿಲ್ಟರ್ ಬೇಡ (ಪೋರ್ಟ್ 22 ಅಂತ ಕೊಟ್ರೆ ಐಸಿಎಂಪಿ ಕಾಣಿಸೋದೇ ಇಲ್ಲ). ಇನ್ನೊಂದರಲ್ಲಿ ಎಸ್‌ಎಸ್‌ಎಚ್ ಕೊಡಿ. ವಾಪಸ್ ಬರೋ ಸಾಲಲ್ಲಿ ಫ್ಲ್ಯಾಗ್ಸ್ ಜಾಗದಲ್ಲಿ ಆರ್ ಇದ್ರೆ ಅದು ರೀಸೆಟ್: ಆ ಪೋರ್ಟಲ್ಲಿ ಯಾವ ಪ್ರೋಗ್ರಾಮೂ ಓಡ್ತಿಲ್ಲ. ಐಸಿಎಂಪಿ ಅಂತ ಶುರುವಾದ್ರೆ ಫೈರ್‌ವಾಲ್.

ಕೀಲಿಮಣೆ
ಬಂದಿದ್ದು ಇದು: "ಐಸಿಎಂಪಿ 203.0.113.5 ಟಿಸಿಪಿ ಪೋರ್ಟ್ 22 ಅನ್‌ರೀಚಬಲ್". ವಿಳಾಸ ಬದಲಾಯಿಸಿ ಬರೆದಿದೀನಿ. ವೆಬ್‌ಸೈಟಿನ 443ಕ್ಕೂ ಅದೇ ಸಾಲು.

ಜೈಲ್.ಲೋಕಲ್ ಕಾಪಿ ಮಾಡಿದ್ದು ಹೌದು, ರೆಸಿಡಿವ್ ಎನೇಬಲ್ಡ್ ಟ್ರೂ ಇತ್ತು ಅನ್ಸುತ್ತೆ. ಯುಎಫ್‌ಡಬ್ಲ್ಯುಲಿ 80, 443 ಎಲ್ಲರಿಗೂ, 22 ಆಫೀಸ್ ಐಪಿಗೆ ಮಾತ್ರ. ಹಾಗಿದ್ಮೇಲೆ ಅಲೌ ಇರೋ ಐಪಿಯನ್ನೇ ಹೇಗೆ ಬ್ಲಾಕ್ ಮಾಡುತ್ತೆ?

ಪ್ಯಾಕೆಟ್‌ಪಹರೆ
ಎಲ್ಲರೂ ಎಡವೋ ಜಾಗ ಇದೇ. ಯುಎಫ್‌ಡಬ್ಲ್ಯುಲಿ ಅಲೌ ಕೊಟ್ರೆ ಫೇಲ್‌ಟುಬ್ಯಾನ್‌ಗೆ ಏನೂ ಗೊತ್ತಾಗಲ್ಲ. ಬ್ಯಾನ್ ಆದಾಗ ಫೇಲ್‌ಟುಬ್ಯಾನ್ ತನ್ನ ಚೈನನ್ನ ಇನ್‌ಪುಟ್ ಅನ್ನೋ ಚೈನ್‌ನ (ಸರ್ವರಿಗೆ ಬರೋ ಪ್ಯಾಕೆಟ್‌ಗಳದ್ದು) ತಲೆಮೇಲೆ, ಒಂದನೇ ಸಾಲಲ್ಲಿ ಸೇರಿಸುತ್ತೆ. ಯುಎಫ್‌ಡಬ್ಲ್ಯು ಚೈನ್‌ಗಳು ಅದರ ಕೆಳಗೆ. ಪ್ಯಾಕೆಟ್ ಮೊದಲು ಸಿಕ್ಕ ರೂಲಲ್ಲೇ ಮುಗಿದುಹೋಗುತ್ತೆ, ನಿಮ್ಮ ಅಲೌ ತನಕ ತಲುಪೋದೇ ಇಲ್ಲ. ತೆರೆದಿಟ್ಟ ಹಳೇ ಸೆಷನ್ ಕೂಡ ಹೆಪ್ಪುಗಟ್ಟಿದ ಹಾಗೆ ನಿಲ್ಲೋದು ಇದಕ್ಕೇ: "ಎಸ್ಟಾಬ್ಲಿಷ್ಡ್ ಆದ್ರೆ ಬಿಡು" ಅನ್ನೋ ರೂಲೂ ಕೆಳಗೇ ಇದೆ.

ಯುಎಫ್‌ಡಬ್ಲ್ಯು ಸ್ಟೇಟಸ್ ನೋಡಿದ್ರೆ ಈ ಬ್ಯಾನ್ ಕಾಣಿಸೋದೂ ಇಲ್ಲ. ಐಪಿಟೇಬಲ್ಸ್‌ನಲ್ಲಿ ಇನ್‌ಪುಟ್ ಚೈನನ್ನ ಸಾಲುಸಂಖ್ಯೆ ಸಮೇತ ಪಟ್ಟಿ ಮಾಡಿದ್ರೆ ಮೇಲೇ ಎಫ್2ಬಿ-ರೆಸಿಡಿವ್ ಅಂತ ಕೂತಿರುತ್ತೆ.

ಸಿಂಪಲ್‌ಶೆಲ್
ಹಾಗಾದ್ರೆ ಹೇಗಾದ್ರೂ ಕನ್ಸೋಲ್ ಸಿಕ್ಕಿದ ತಕ್ಷಣ ಐಪಿಟೇಬಲ್ಸ್ -ಎಫ್ ಹೊಡೆದು ಎಲ್ಲಾ ಫ್ಲಶ್ ಮಾಡಿಬಿಡಿ.

ಡೀಮನ್‌ಕಟ್ಟೆ
ದಯವಿಟ್ಟು ಮಾಡಬೇಡಿ! ಫ್ಲಶ್ ರೂಲ್‌ಗಳನ್ನ ಅಳಿಸುತ್ತೆ, ಪಾಲಿಸಿ (ಯಾವ ರೂಲಿಗೂ ಸಿಗದ ಪ್ಯಾಕೆಟನ್ನ ಏನು ಮಾಡಬೇಕು ಅನ್ನೋದು) ಹಾಗೇ ಉಳಿಯುತ್ತೆ. ಯುಎಫ್‌ಡಬ್ಲ್ಯು ಇನ್‌ಪುಟ್ ಪಾಲಿಸಿಯನ್ನ ಡ್ರಾಪ್ ಅಂತ ಇಟ್ಟಿರುತ್ತೆ. ಅಲೌಗಳೆಲ್ಲ ಅಳಿಸಿಹೋಗಿ ಡ್ರಾಪ್ ಮಾತ್ರ ಉಳಿದ್ರೆ ಈಗ ಬರ್ತಿರೋ ವೆಬ್‌ಸೈಟೂ ಎಲ್ಲರಿಗೂ ನಿಂತುಹೋಗುತ್ತೆ. ಫ್ಲಶ್ ಮಾಡಲೇಬೇಕು ಅಂದ್ರೆ ಮೊದಲು ಪಾಲಿಸಿಯನ್ನ ಅಕ್ಸೆಪ್ಟ್ ಮಾಡಿ (ದೊಡ್ಡಕ್ಷರದ ಪಿ, ಇನ್‌ಪುಟ್, ಅಕ್ಸೆಪ್ಟ್), ಆಮೇಲೆ ಫ್ಲಶ್. ಅದಕ್ಕಿಂತ "ಯುಎಫ್‌ಡಬ್ಲ್ಯು ಡಿಸೇಬಲ್" ವಾಸಿ, ಪಾಲಿಸಿನೂ ಅದೇ ಸರಿಮಾಡುತ್ತೆ.

ಬೂಟ್‌ಸಾಲು
ಪಾಸ್‌ವರ್ಡ್ ಇಲ್ಲದೇ ಒಳಗೆ ಹೋಗೋ ದಾರಿ ಇದೆ. ಫೇಲ್‌ಟುಬ್ಯಾನ್ ಒಂದೇ ಒಂದು ಬೂಟಿಗೆ ಏಳದ ಹಾಗೆ ಮಾಡಿದ್ರೆ ಸಾಕು. ಯುಎಫ್‌ಡಬ್ಲ್ಯು ಆಫೀಸ್ ಐಪಿಯನ್ನ ಹೇಗೂ ಬಿಡುತ್ತೆ, ಕೀ ಇಂದ ಎಸ್‌ಎಸ್‌ಎಚ್ ಆಗುತ್ತೆ.

ವಿಎನ್‌ಸಿ ತೆರೆದು ಕಂಟ್ರೋಲ್-ಆಲ್ಟ್-ಡಿಲೀಟ್ ಬಟನ್ ಒತ್ತಿ. ಸ್ಕ್ರೀನ್ ಕಪ್ಪಾದ ಕೂಡಲೇ, ಗ್ರಬ್ ಅನ್ನೋ ಬೂಟ್ ಮೆನು ಬರೋ ತನಕ ಶಿಫ್ಟ್ ಹಿಡ್ಕೊಂಡೇ ಇರಿ. ಯಂತ್ರ ಯುಇಎಫ್‌ಐ (ಹಳೇ ಬಯಾಸ್ ಬದಲಿಗೆ ಬಂದದ್ದು) ಆದ್ರೆ ಶಿಫ್ಟ್ ಅಲ್ಲ, ಎಸ್ಕೇಪ್. ಎಸ್ಕೇಪ್ ಜಾಸ್ತಿ ಸಲ ಒತ್ತಿದ್ರೆ ಮೆನು ಬರದೆ ಬರೀ ಗ್ರಬ್ ಪ್ರಾಂಪ್ಟ್ ಬರುತ್ತೆ, ಆಗ "ನಾರ್ಮಲ್" ಅಂತ ಟೈಪ್ ಮಾಡಿ ಎಂಟರ್ ಕೊಟ್ಟು ತಕ್ಷಣ ಒಂದೇ ಸಲ ಎಸ್ಕೇಪ್. ಮೆನುವಲ್ಲಿ ಉಬುಂಟು ಸಾಲಿನ ಮೇಲೆ ನಿಂತು ಇ ಒತ್ತಿ. "ಲಿನಕ್ಸ್" ಅಂತ ಶುರುವಾಗೋ ಸಾಲು ಹುಡುಕಿ, ಅದರ ಕೊನೆಗೆ ಹೋಗಿ (ಸ್ಕ್ರೀನಲ್ಲಿ ಅದು ಎರಡು ಮೂರು ಸಾಲಾಗಿ ಮಡಚಿಕೊಂಡಿರುತ್ತೆ, ಎಂಡ್ ಕೀ ಒತ್ತಿ), ಒಂದು ಸ್ಪೇಸ್ ಬಿಟ್ಟು ಇದನ್ನ ಇಂಗ್ಲಿಷ್ ಸಣ್ಣಕ್ಷರದಲ್ಲಿ ಸೇರಿಸಿ ("ಟು" ಅಂದ್ರೆ ಅಂಕಿ 2):

ಸಿಸ್ಟಮ್‌ಡಿ.ಮಾಸ್ಕ್=ಫೇಲ್‌ಟುಬ್ಯಾನ್.ಸರ್ವಿಸ್

ಕಂಟ್ರೋಲ್-ಎಕ್ಸ್ ಒತ್ತಿದ್ರೆ ಬೂಟ್ ಆಗುತ್ತೆ. ಇದು ಡಿಸ್ಕಿನಲ್ಲಿ ಎಲ್ಲೂ ಬರೆಯಲ್ಲ, ಮುಂದಿನ ಬೂಟಿಗೆ ಇರಲ್ಲ. ಆದ್ರೆ ಈ ಬೂಟ್ ಇರೋ ತನಕ ಅನ್‌ಮಾಸ್ಕ್ ಕೊಟ್ರೂ ಆ ಮಾಸ್ಕ್ (ಸರ್ವಿಸ್ ಏಳದ ಹಾಗೆ ಹಾಕಿದ ತಡೆ) ಹೋಗಲ್ಲ, ಕರ್ನಲ್ ಸಾಲು ಹಾಗೇ ಇರುತ್ತಲ್ಲ. ಕೆಲಸ ಎಲ್ಲ ಮುಗಿದ ಮೇಲೆ ಇನ್ನೊಂದು ರೀಬೂಟ್ ಬೇಕು.

ಹಳೇಟರ್ಮಿನಲ್
ಗ್ರಬ್ ಮೆನು ವಿಎನ್‌ಸಿಯಲ್ಲಿ ಬರದೇ ಇದ್ರೆ ಸೀರಿಯಲ್ ಕನ್ಸೋಲಿಗೆ ಹೋಗ್ತಿರಬಹುದು, ಪ್ಯಾನೆಲಲ್ಲಿ ಅದು ಬೇರೆ ಟ್ಯಾಬ್. ಎರಡೂ ಇಲ್ಲ ಅಂದ್ರೆ ರೆಸ್ಕ್ಯೂ ಮೋಡ್: ಎಲ್‌ಎಸ್‌ಬ್ಲಾಕ್ ಹಾಕಿ ಡಿಸ್ಕ್ ಯಾವುದು ಅಂತ ನೋಡಿ, ರೂಟ್ ಪಾರ್ಟಿಷನ್ನನ್ನ ಮೌಂಟ್ ಮಾಡಿ, ಅಲ್ಲಿನ ಜೈಲ್.ಲೋಕಲ್ ಎಡಿಟ್ ಮಾಡಿ. ಯುಎಫ್‌ಡಬ್ಲ್ಯುನೇ ಹೊರಗೆ ಹಾಕಿದ್ದಿದ್ರೆ ಯುಎಫ್‌ಡಬ್ಲ್ಯು.ಕಾನ್ಫ್ ಫೈಲಲ್ಲಿ ಎನೇಬಲ್ಡ್=ನೋ ಅಂತ ಬರೆದ್ರೆ ಸಾಕಿತ್ತು.

ಇನ್ನೊಂದು ಮಾತು. ವಿಎನ್‌ಸಿ ಕೀಬೋರ್ಡ್ ಲೇಔಟ್ ಒಮ್ಮೊಮ್ಮೆ ಬೇರೆ ಇರುತ್ತೆ, ಈಕ್ವಲ್ ಚಿಹ್ನೆ ಒತ್ತಿದ್ರೆ ಬೇರೇನೋ ಬೀಳುತ್ತೆ. ಟೈಪ್ ಆದ ಅಕ್ಷರ ಕಣ್ಣಲ್ಲಿ ನೋಡಿಯೇ ಕಂಟ್ರೋಲ್-ಎಕ್ಸ್ ಒತ್ತಿ.

ಲಾಗ್‌ನೋಡಿ
ಒಳಗೆ ಹೋದ ಮೇಲೆ ಒಂದು ಬಲೆ ಇದೆ, ಈಗಲೇ ಹೇಳ್ತೀನಿ. ಸರ್ವಿಸ್ ಓಡ್ತಾ ಇಲ್ಲದೇ ಇರೋದ್ರಿಂದ ಫೇಲ್‌ಟುಬ್ಯಾನ್-ಕ್ಲೈಂಟಿಂದ ಅನ್‌ಬ್ಯಾನ್ ಮಾಡೋಕಾಗಲ್ಲ. ಎಸ್‌ಕ್ಯೂಲೈಟ್ ಫೈಲನ್ನ ಬೇರೆ ಹೆಸರಿಗೆ ಸರಿಸಿ, ಅದು ಹೊಸದು ಮಾಡ್ಕೊಳ್ಳುತ್ತೆ. ಆದ್ರೆ ಅಷ್ಟೇ ಮಾಡಿ ಬಿಟ್ರೆ ಮತ್ತೆ ಹೊರಗೆ ಬೀಳ್ತೀರಿ. ಡೇಟಾಬೇಸ್ ಖಾಲಿ ಇದ್ರೆ ಲಾಗ್ ಎಲ್ಲಿ ತನಕ ಓದಿದ್ದೆ ಅನ್ನೋ ನೆನಪೂ ಇರಲ್ಲ. ರೆಸಿಡಿವ್ ಎದ್ದು ಫೇಲ್‌ಟುಬ್ಯಾನ್.ಲಾಗ್‌ನಲ್ಲಿ ಹಿಂದಿನ ಒಂದು ದಿನದ ಸಾಲುಗಳನ್ನ ಮತ್ತೆ ಓದುತ್ತೆ, ನಿಮ್ಮ ಐಪಿಯ 5 ಬ್ಯಾನ್ ಎಣಿಸುತ್ತೆ, ಮತ್ತೆ ಒಂದು ವಾರ. ಹಾಗಾಗಿ ಮೊದಲು ಜೈಲ್.ಲೋಕಲ್‌ನ ಡೀಫಾಲ್ಟ್ ಭಾಗದಲ್ಲಿ ಇಗ್ನೋರ್‌ಐಪಿ (ಬ್ಯಾನ್ ಮಾಡಬಾರದ ವಿಳಾಸಗಳು) ಸಾಲಿಗೆ ಆಫೀಸ್ ಐಪಿ ಸೇರಿಸಿ, ಆಮೇಲೆ ಡೇಟಾಬೇಸ್ ಸರಿಸಿ, ಆಮೇಲೆ ರೀಬೂಟ್.

ಕೀಲಿಮಣೆ
ಒಳಗೆ ಬಂದೆ! ಶಿಫ್ಟ್‌ಗೆ ಮೆನು ಬರಲಿಲ್ಲ, ಎಸ್ಕೇಪ್‌ಗೆ ಬಂತು. ಕೀ ಇಂದ ಆಫೀಸಿಂದಲೇ ಎಸ್‌ಎಸ್‌ಎಚ್ ಆಯ್ತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೇಲ್‌ಟುಬ್ಯಾನ್.ಲಾಗ್‌ನಲ್ಲಿ "ನೋಟಿಸ್ [ಎಸ್‌ಎಸ್‌ಎಚ್‌ಡಿ] ಬ್ಯಾನ್" ಐದು ಸಲ, ಐದನೆಯದರ ಬೆನ್ನಿಗೇ "ನೋಟಿಸ್ [ರೆಸಿಡಿವ್] ಬ್ಯಾನ್". ಆತ್.ಲಾಗ್ ನೋಡಿದ್ರೆ ಎಲ್ಲಾ "ಫೇಲ್ಡ್ ಪಾಸ್‌ವರ್ಡ್" ಆ ಎಸ್‌ಎಫ್‌ಟಿಪಿ ಅಕೌಂಟಿಗೆ, ನಿಮಿಷಕ್ಕೊಂದು.

ಪ್ಯಾಕೆಟ್‌ಪಹರೆ
ನಿಮಿಷಕ್ಕೊಂದು ಅಂದ್ರೆ ಮನುಷ್ಯ ಅಲ್ಲ, ಪ್ರೋಗ್ರಾಂ. ಪಾಸ್‌ವರ್ಡ್ ಬದಲಾದ ಮೇಲೂ ಹಳೇದನ್ನೇ ಇಟ್ಕೊಂಡು ಪ್ರಯತ್ನಿಸ್ತಾ ಇರೋ ಯಾವುದೋ ಸಿಂಕ್ ಸಾಫ್ಟ್‌ವೇರ್ ಆಫೀಸಿನ ಇನ್ನೊಂದು ಕಂಪ್ಯೂಟರಲ್ಲಿ ಇದೆ. ರೌಟರ್ ಹಿಂದೆ ಇರೋ ಎಲ್ಲಾ ಯಂತ್ರಕ್ಕೂ ಹೊರಗೆ ಕಾಣೋ ಐಪಿ ಒಂದೇ, ಅದಕ್ಕೇ ಒಬ್ಬರ ತಪ್ಪಿಗೆ ಎಲ್ಲರಿಗೂ ಬಾಗಿಲು.

ಲೆಕ್ಕವೂ ಕೂಡುತ್ತೆ. ಮ್ಯಾಕ್ಸ್‌ರಿಟ್ರೈ 5, ಫೈಂಡ್‌ಟೈಮ್ 10 ನಿಮಿಷ, ಅಂದ್ರೆ 10 ನಿಮಿಷದೊಳಗೆ 5 ತಪ್ಪಾದ್ರೆ ಬ್ಯಾನ್. ನಿಮಿಷಕ್ಕೊಂದು ತಪ್ಪು ಅಂದ್ರೆ 5 ನಿಮಿಷಕ್ಕೆ ಬ್ಯಾನ್, 10 ನಿಮಿಷ ಶಿಕ್ಷೆ, ಒಂದು ಸುತ್ತು 15 ನಿಮಿಷ. ಐದನೇ ಬ್ಯಾನ್ ಬೀಳೋದು 65ನೇ ನಿಮಿಷದ ಹೊತ್ತಿಗೆ. ನೀವು ಹೇಳಿದ "ಒಂದು ಗಂಟೆ" ಅದೇ.

ಕೀಲಿಮಣೆ
ಸರಿಯಾಗೇ ಹೇಳಿದ್ರಿ. ಪಾಸ್‌ವರ್ಡ್ ನಿನ್ನೆ ಬದಲಾಗಿತ್ತು, ಸಿಂಕ್ ಪ್ರೋಗ್ರಾಂನಲ್ಲಿ ಹಳೇದೇ ಇತ್ತು. ನಿಲ್ಲಿಸಿದೀನಿ.

ಡೀಮನ್‌ಕಟ್ಟೆ
ಈಗ ಒಂದು ಪ್ರಶ್ನೆ ಎಲ್ಲರಿಗೂ. 22 ಆಫೀಸ್ ಐಪಿಗೆ ಮಾತ್ರ ತೆರೆದಿದೆ. ಹೊರಗಿನವರ ಪ್ಯಾಕೆಟ್ ಎಸ್‌ಎಸ್‌ಎಚ್‌ಡಿ ತನಕ ಬರೋದೇ ಇಲ್ಲ, ಹಾಗಾಗಿ ಅವರ ತಪ್ಪು ಲಾಗಿನ್ ಲಾಗಲ್ಲಿ ಬೀಳೋದೂ ಇಲ್ಲ. ಅಂದ್ರೆ ಈ ಜೈಲ್ ಬ್ಯಾನ್ ಮಾಡೋಕೆ ಸಾಧ್ಯ ಇರೋ ಏಕೈಕ ವಿಳಾಸ ಆಫೀಸಿನದ್ದು. ತಡೆಯೋಕೆ ಹೊರಗಿನವರು ಯಾರೂ ಇಲ್ಲದ ಜಾಗದಲ್ಲಿ ಎಸ್‌ಎಸ್‌ಎಚ್‌ಡಿ ಜೈಲ್ ಯಾಕೆ ಬೇಕು? ತೆಗೆದುಬಿಡಿ ಅಂತೀನಿ.

ಲಾಗ್‌ನೋಡಿ
ಒಪ್ಪಲ್ಲ. ಆಫೀಸ್ ಒಳಗಿನ ಒಂದು ಯಂತ್ರಕ್ಕೆ ಮಾಲ್‌ವೇರ್ ಹತ್ತಿ ಅದೇ ಪಾಸ್‌ವರ್ಡ್ ಊಹಿಸೋಕೆ ಶುರುಮಾಡಿದ್ರೆ? ಪಾಸ್‌ವರ್ಡ್ ಅಕೌಂಟ್ ಇರೋ ತನಕ ಜೈಲ್‌ಗೆ ಕೆಲಸ ಇದೆ. ಅಕೌಂಟನ್ನ ಕೀಗೆ ಬದಲಾಯಿಸಿ, ಪಾಸ್‌ವರ್ಡ್ ಅಥೆಂಟಿಕೇಷನ್ ನೋ ಮಾಡಿ. ಆಗ ನೀವು ಹೇಳಿದ್ದು ಸರಿ.

ಡೀಮನ್‌ಕಟ್ಟೆ
ಆದ್ರೆ ಆಫೀಸ್ ಐಪಿಯನ್ನ ಇಗ್ನೋರ್‌ಐಪಿಗೆ ಹಾಕಿ ಅಂತ ನೀವೇ ಹೇಳಿದ್ರಲ್ಲ. ಆಗ ಆ ಮಾಲ್‌ವೇರನ್ನೂ ಇಗ್ನೋರ್ ಮಾಡುತ್ತೆ.

ಲಾಗ್‌ನೋಡಿ
ಆ ಸಾಲು ಒಳಗೆ ಹೋಗೋಕೆ ಹೇಳಿದ್ದು, ಶಾಶ್ವತ ಪರಿಹಾರ ಅಂತ ಅಲ್ಲ. ಆದ್ರೆ ಸರಿ, ನಿಮ್ಮ ಮಾತು ನಿಲ್ಲುತ್ತೆ. ಇಗ್ನೋರ್‌ಐಪಿ ಇಟ್ರೆ ಪಾಸ್‌ವರ್ಡ್ ತೆಗೆಯಲೇಬೇಕು.

ಪ್ಯಾಕೆಟ್‌ಪಹರೆ
ನನಗೆ ಅದಕ್ಕಿಂತ ಚಿಂತೆ 22ಕ್ಕೆ ಒಂದೇ ಐಪಿ ಇರೋದು. ಆ ಐಪಿ ಬದಲಾದ ದಿನ ಯಾವ ಬ್ಯಾನೂ ಇಲ್ಲದೇ ಹೊರಗೆ ನಿಲ್ತೀರಿ. ಎರಡನೇ ದಾರಿ ಇರಲೇಬೇಕು: ವೈರ್‌ಗಾರ್ಡ್ (ವಿಪಿಎನ್), ಇಲ್ಲಾ ಸ್ಥಿರ ಐಪಿ ಇರೋ ಇನ್ನೊಂದು ಸರ್ವರ್ ಮೂಲಕ ಜಂಪ್. ಆ ಎರಡನೇದನ್ನೂ ಇಗ್ನೋರ್‌ಐಪಿಗೆ ಸೇರಿಸಿ. ಕನ್ಸೋಲಿಗಾಗಿ ಒಂದು ಉದ್ದನೆಯ ಪಾಸ್‌ವರ್ಡನ್ನೂ ಇವತ್ತೇ ಇಡಿ. ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ನಿಷೇಧ ಇದ್ರೆ ಅದು ಕನ್ಸೋಲಲ್ಲಿ ಮಾತ್ರ ನಡೆಯುತ್ತೆ.

ಸಿಂಪಲ್‌ಶೆಲ್
ಪೋರ್ಟ್ 2222 ಮಾಡಿದ್ರೆ ಇಷ್ಟೆಲ್ಲ ತಲೆನೋವೇ ಇಲ್ವಲ್ಲ?

ಹಳೇಟರ್ಮಿನಲ್
ಲಾಗಲ್ಲಿ ಗದ್ದಲ ಕಮ್ಮಿ ಆಗುತ್ತೆ, ಅಷ್ಟೇ. ಬದಲಾಗಿ ಹೊರಗೆ ಬೀಳೋ ದಾರಿ ಜಾಸ್ತಿ ಆಗುತ್ತೆ. ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಂ ಏನು ಬಳಸಬಹುದು ಅಂತ ಕಟ್ಟುಪಾಡು ಹಾಕೋ ಲಿನಕ್ಸ್ ಭದ್ರತೆ) ಇರೋ ಕಡೆ ಸೆಮ್ಯಾನೇಜ್ ಕಮಾಂಡಿಂದ ಹೊಸ ಪೋರ್ಟಿಗೆ ಲೇಬಲ್ ಕೊಡದೇ ಇದ್ರೆ ಎಸ್‌ಎಸ್‌ಎಚ್‌ಡಿಗೆ ಆ ಪೋರ್ಟೇ ಸಿಗಲ್ಲ. ಉಬುಂಟು 24.04ರಲ್ಲಿ ಎಸ್‌ಎಸ್‌ಎಚ್.ಸಾಕೆಟ್ ಪೋರ್ಟ್ ಹಿಡಿದಿರುತ್ತೆ, ಕಾನ್ಫಿಗ್ ಬದಲಾಯಿಸಿದ ಮೇಲೆ ಡೀಮನ್-ರೀಲೋಡ್ ಕೊಟ್ಟು ಸಾಕೆಟ್ ರೀಸ್ಟಾರ್ಟ್ ಮಾಡೋ ತನಕ ಹಳೇ ಪೋರ್ಟೇ. ಇನ್ನು ಜೈಲ್‌ನಲ್ಲಿ ಪೋರ್ಟ್ ಸಾಲು "ಎಸ್‌ಎಸ್‌ಎಚ್" ಅಂತಲೇ ಉಳಿದಿದ್ರೆ ಬ್ಯಾನ್ ಬೀಳೋದು 22ಕ್ಕೆ, ದಾಳಿ ನಡೆಯೋದು 2222ಕ್ಕೆ. ಸ್ಟೇಟಸ್ ನೋಡಿದ್ರೆ ಬ್ಯಾನ್ ಲೆಕ್ಕ ಏರ್ತಾ ಇರುತ್ತೆ, ಕೆಲಸ ಮಾತ್ರ ಸೊನ್ನೆ.

ಬೂಟ್‌ಸಾಲು
ಪಾಸ್‌ವರ್ಡೇ ಇಲ್ಲದೇ ಬ್ಯಾನ್ ಆಗೋರಿಗೂ ಒಂದು ಮಾತು. ಎಸ್‌ಎಸ್‌ಎಚ್ ಏಜೆಂಟಲ್ಲಿ (ನಿಮ್ಮ ಕೀಗಳನ್ನ ಹಿಡಿದಿಡೋ ಪ್ರೋಗ್ರಾಂ) ಎಂಟು ಹತ್ತು ಕೀ ಇದ್ರೆ ಎಸ್‌ಎಸ್‌ಎಚ್ ಒಂದೊಂದನ್ನೇ ತೋರಿಸ್ತಾ ಹೋಗುತ್ತೆ, ಮ್ಯಾಕ್ಸ್‌ಆತ್‌ಟ್ರೈಸ್ ಡೀಫಾಲ್ಟ್ 6, ಸರಿಯಾದ ಕೀ ಸರದಿ ಬರೋದ್ರೊಳಗೆ ಸರ್ವರ್ ಕನೆಕ್ಷನ್ ಕತ್ತರಿಸುತ್ತೆ. ಫೇಲ್‌ಟುಬ್ಯಾನ್ ಅದನ್ನ ಸೋಲು ಅಂತ ಎಣಿಸುತ್ತೆ. ಕ್ಲೈಂಟ್ ಕಾನ್ಫಿಗ್‌ನಲ್ಲಿ ಆ ಹೋಸ್ಟಿಗೆ ಐಡೆಂಟಿಟಿಫೈಲ್ ಕೊಟ್ಟು ಐಡೆಂಟಿಟೀಸ್‌ಓನ್ಲಿ ಎಸ್ ಅಂತ ಹಾಕಿ.

ನೋಡ್‌ನೋಟ
ಓಪನ್‌ಎಸ್‌ಎಸ್‌ಎಚ್ 9.8, ಅಂದ್ರೆ 2024ರ ಜುಲೈ ನಂತರದ್ದು ಇದ್ರೆ ಫೇಲ್‌ಟುಬ್ಯಾನ್ ಇಲ್ಲದೆಯೂ ಎಸ್‌ಎಸ್‌ಎಚ್‌ಡಿನೇ ನಿಮ್ಮನ್ನ ಸ್ವಲ್ಪ ಹೊತ್ತು ಹೊರಗಿಡುತ್ತೆ. ಪರ್‌ಸೋರ್ಸ್‌ಪೆನಾಲ್ಟೀಸ್ ಅಂತ, ಡೀಫಾಲ್ಟಾಗೇ ಆನ್. ಫೈರ್‌ವಾಲಲ್ಲಿ ಏನೂ ಕಾಣಿಸಲ್ಲ: ಟಿಸಿಪಿ ಕನೆಕ್ಟ್ ಆಗುತ್ತೆ, ಆಮೇಲೆ ತಕ್ಷಣ ಕಡಿದುಹೋಗುತ್ತೆ. ವಿನಾಯಿತಿಗೆ ಪರ್‌ಸೋರ್ಸ್‌ಪೆನಾಲ್ಟಿಎಕ್ಸೆಂಪ್ಟ್‌ಲಿಸ್ಟ್. ಅದೇ ಆವೃತ್ತಿಯಿಂದ ಲಾಗ್ ಸಾಲಲ್ಲಿ ಹೆಸರು ಎಸ್‌ಎಸ್‌ಎಚ್‌ಡಿ-ಸೆಷನ್ ಅಂತ ಬರುತ್ತೆ, ಹಳೇ ಫೇಲ್‌ಟುಬ್ಯಾನ್ ಫಿಲ್ಟರಿಗೆ ಅದು ಸಿಗದೇ ಹೋಗಬಹುದು.

ಡೀಮನ್‌ಕಟ್ಟೆ
ಮೇಲೆ ಲಿಮಿಟ್ ರೂಲ್ ಅಂದೆನಲ್ಲ, ಅದರ ಅಳತೆ: 30 ಸೆಕೆಂಡಲ್ಲಿ 6 ಹೊಸ ಕನೆಕ್ಷನ್. ಲೂಪಲ್ಲಿ ಎಸ್‌ಸಿಪಿ (ಫೈಲ್ ಕಾಪಿ ಕಮಾಂಡ್) ಹಾಕೋ ಸ್ಕ್ರಿಪ್ಟ್ ಇದ್ರೆ ಸುಲಭವಾಗಿ ತಗುಲುತ್ತೆ. ಕ್ಲೈಂಟಲ್ಲಿ ಕಂಟ್ರೋಲ್‌ಮಾಸ್ಟರ್, ಕಂಟ್ರೋಲ್‌ಪರ್ಸಿಸ್ಟ್ ಹಾಕಿದ್ರೆ ಒಂದೇ ಕನೆಕ್ಷನಲ್ಲಿ ಎಲ್ಲಾ ಹೋಗುತ್ತೆ.

ಕಂಟೇನರ್‌ಕಣಜ
ಸ್ವಲ್ಪ ಪಕ್ಕದ ವಿಷಯ. ಡಾಕರ್ (ಪ್ರೋಗ್ರಾಂಗಳನ್ನ ಕಂಟೇನರ್ ಒಳಗೆ ಓಡಿಸೋದು) ಇದ್ರೆ ಉಲ್ಟಾ ಸಮಸ್ಯೆ: ಪಬ್ಲಿಷ್ ಮಾಡಿದ ಪೋರ್ಟಿನ ಪ್ಯಾಕೆಟ್ ಇನ್‌ಪುಟ್‌ಗೆ ಬರದೇ ಫಾರ್ವರ್ಡ್ ಚೈನ್ ಕಡೆ ಹೋಗುತ್ತೆ. ಯುಎಫ್‌ಡಬ್ಲ್ಯು ಡಿನೈಯೂ ನಡೆಯಲ್ಲ, ಬ್ಯಾನೂ ನಡೆಯಲ್ಲ. ಜೈಲ್‌ಗೆ ಚೈನ್ ಡಾಕರ್-ಯೂಸರ್ ಅಂತ ಕೊಡಬೇಕು. ಅಲ್ಲಿಗೆ ಬರೋ ಹೊತ್ತಿಗೆ ಪೋರ್ಟ್ ಸಂಖ್ಯೆ ಕಂಟೇನರ್ ಒಳಗಿನದ್ದಾಗಿರುತ್ತೆ ಅನ್ನೋದು ನೆನಪಿರಲಿ.

ಹಳೇಟರ್ಮಿನಲ್
ಕೀಲಿಮಣೆ, ಇನ್ನು ಮುಂದೆ ರೂಲ್ ಮುಟ್ಟೋ ಮೊದಲು ವಾಪಸ್ ಬರೋ ಗಡಿಯಾರ ಇಡಿ. ಸಿಸ್ಟಮ್‌ಡಿ-ರನ್‌ಗೆ ಆನ್-ಆಕ್ಟಿವ್ 5 ನಿಮಿಷ ಕೊಟ್ಟು "ಯುಎಫ್‌ಡಬ್ಲ್ಯು ಡಿಸೇಬಲ್" ಹಚ್ಚಿಡಿ. ಅದು ಕೊಡೋ ಟೈಮರ್ ಹೆಸರು ಬರೆದಿಟ್ಕೊಳ್ಳಿ. ರೂಲ್ ಬದಲಾಯಿಸಿ, ಈಗಿರೋ ಸೆಷನ್ ಮುಚ್ಚದೇ ಬೇರೆ ಟರ್ಮಿನಲಿಂದ ಹೊಸದಾಗಿ ಲಾಗಿನ್ ಮಾಡಿ. ಹೊಸದು ಬಂದ್ರೆ ಮಾತ್ರ ಟೈಮರ್ ನಿಲ್ಲಿಸಿ. ಹಳೇ ಸೆಷನ್ ಓಡ್ತಾ ಇದೆ ಅಂತ ನಂಬಬೇಡಿ, ಅದು ಎಸ್ಟಾಬ್ಲಿಷ್ಡ್ ರೂಲಿನ ದಯೆಯಲ್ಲಿ ಓಡ್ತಿರುತ್ತೆ. ಫೈರ್‌ವಾಲ್‌ಡಿ ಇರೋರಿಗೆ ರೂಲ್ ಜೊತೆಗೇ ಟೈಮ್‌ಔಟ್ ಕೊಡೋ ಆಯ್ಕೆ ಇದೆ. ಬರೀ ಐಪಿಟೇಬಲ್ಸ್ ಅಂದ್ರೆ ಐಪಿಟೇಬಲ್ಸ್-ಅಪ್ಲೈ.

ನೋಡ್‌ನೋಟ
ಸಿಎಸ್‌ಎಫ್ (ಇನ್ನೊಂದು ಫೈರ್‌ವಾಲ್ ಸಾಫ್ಟ್‌ವೇರ್) ಬಳಸೋರಿಗೆ ಟೆಸ್ಟಿಂಗ್=1 ಇದೆ, 5 ನಿಮಿಷಕ್ಕೊಮ್ಮೆ ಕ್ರಾನ್ ರೂಲ್ಸ್ ಎಲ್ಲಾ ತೆಗೆಯುತ್ತೆ. ಅಲ್ಲೂ ಇದೇ ಗೊಂದಲ: ಸಿಎಸ್‌ಎಫ್.ಅಲೌಗೆ ಐಪಿ ಹಾಕಿದ್ರೂ ಎಲ್‌ಎಫ್‌ಡಿ (ಅದರ ಲಾಗಿನ್ ಕಾವಲು ಪ್ರೋಗ್ರಾಂ) ಬ್ಲಾಕ್ ಮಾಡಬಹುದು, ಸಿಎಸ್‌ಎಫ್.ಇಗ್ನೋರ್‌ಗೂ ಹಾಕಬೇಕು.

ಕೀಲಿಮಣೆ
ರೀಬೂಟ್ ಮಾಡೋ ಮೊದಲು ಒಮ್ಮೆ ನೋಡಿಬಿಡಿ. ನನ್ನ ಸಾಲು:

ಇಗ್ನೋರ್‌ಐಪಿ = 127.0.0.1/8 203.0.113.45 # ಆಫೀಸ್

ಲಾಗ್‌ನೋಡಿ
ತಡೀರಿ, ರೀಬೂಟ್ ಬೇಡ! ಸಾಲಿನ ಮಧ್ಯದ ಹ್ಯಾಷ್ ಫೇಲ್‌ಟುಬ್ಯಾನ್‌ಗೆ ಕಾಮೆಂಟ್ ಅಲ್ಲ. ಹ್ಯಾಷ್ ಸಾಲಿನ ಶುರುವಲ್ಲಿ ಇದ್ರೆ ಮಾತ್ರ ಕಾಮೆಂಟ್. ಅದೇ ಸಾಲಲ್ಲಿ ಬರೀಬೇಕು ಅಂದ್ರೆ ಸ್ಪೇಸ್ ಬಿಟ್ಟು ಸೆಮಿಕೋಲನ್. ಈಗಿನ ಹಾಗೆ ಬಿಟ್ರೆ "ಆಫೀಸ್" ಅನ್ನೋದನ್ನೂ ಒಂದು ಹೋಸ್ಟ್ ಹೆಸರು ಅಂತ ತಗೊಳ್ಳುತ್ತೆ. ಐಪಿವಿ6ರ ::1 ಕೂಡ ಬಿಟ್ಟುಹೋಗಿದೆ, ಸೇರಿಸಿ. ಕೆಳಗೆ ಎಸ್‌ಎಸ್‌ಎಚ್‌ಡಿ ಅಥವಾ ರೆಸಿಡಿವ್ ಭಾಗದಲ್ಲಿ ಇನ್ನೊಂದು ಇಗ್ನೋರ್‌ಐಪಿ ಇದ್ರೆ ಅಲ್ಲಿ ಅದೇ ಗೆಲ್ಲುತ್ತೆ, ಮೇಲಿನದ್ದು ಲೆಕ್ಕಕ್ಕಿಲ್ಲ, ಅದನ್ನ ತೆಗೀರಿ. ಆಮೇಲೆ ಫೇಲ್‌ಟುಬ್ಯಾನ್-ಕ್ಲೈಂಟ್ -ಟಿ ಹಾಕಿ ಕಾನ್ಫಿಗ್ ಪರೀಕ್ಷೆ ಮಾಡಿ.

ಕೀಲಿಮಣೆ
ರೆಸಿಡಿವ್ ಕೆಳಗೆ ನಿಜವಾಗಲೂ ಇನ್ನೊಂದು ಇತ್ತು, 127.0.0.1 ಮಾತ್ರ. ತೆಗೆದೆ, ಹ್ಯಾಷೂ ತೆಗೆದೆ, ಡೇಟಾಬೇಸ್ ಸರಿಸಿ ರೀಬೂಟ್ ಮಾಡಿದೆ. ಆಫೀಸಿಂದ ಎಸ್‌ಎಸ್‌ಎಚ್, ಸೈಟ್ ಎರಡೂ ಇವೆ. "ಗೆಟ್ ರೆಸಿಡಿವ್ ಇಗ್ನೋರ್‌ಐಪಿ" ಕೇಳಿದ್ರೆ ಆಫೀಸ್ ಐಪಿ ತೋರಿಸ್ತಿದೆ. ಎಸ್‌ಎಫ್‌ಟಿಪಿ ಅಕೌಂಟಿಗೆ ಈಗ ಕೀ ಹಾಕ್ತಿದೀನಿ.